ಶಿವನಸಮುದ್ರ: ಎರಡು ಧಾರೆಗಳ ನಡುವಿನ ಚರಿತ್ರೆ

ಶಿವನಸಮುದ್ರವೆಂದೊಡನೆ ನಮ್ಮ ಜನರ ಕಣ್ಣೆದುರು ನಿಲ್ಲುವುದು ಗಗನಚುಕ್ಕಿ, ಭರಚುಕ್ಕಿ ಎಂಬ ಎರಡು ಜಲಪಾತಗಳು. ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿಯುವಾಗ ಸಾವಿರಾರು ಮಂದಿ ಅಲ್ಲಿಗೆ ಹೋಗುತ್ತಾರೆ. ನೀರು ಬೀಳುವುದನ್ನು ನೋಡುತ್ತಾರೆ, ಬುತ್ತಿ ಬಿಚ್ಚುತ್ತಾರೆ, ಸಂಜೆಗೆ ಹಿಂದಿರುಗುತ್ತಾರೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಒಂದು ಜಲಪಾತದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ತಾವು ಹಾದುಹೋಗುವ ನೆಲ ಒಂದು ಕಾಲಕ್ಕೆ ರಾಜಧಾನಿಯಾಗಿದ್ದಿತೆಂಬುದು, ವಿಜಯನಗರದ ಚಕ್ರವರ್ತಿಯೇ ದಂಡೆತ್ತಿ ಬರಬೇಕಾದಷ್ಟು ಬಲ ಅದಕ್ಕಿದ್ದಿತೆಂಬುದು, ಹಾಗೆ ಹೋಗಿಬಂದವರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ತಿಳಿದಿರುವ ಕೆಲವರೂ ಕೇಳಿಬಲ್ಲದ್ದು ಒಂದು ದುರಂತಕಥೆಯನ್ನು ಮಾತ್ರ. ಆ ಕಥೆ ಎಷ್ಟು ಸೊಗಸಾಗಿದೆಯೆಂದರೆ, ಅದು ಚರಿತ್ರೆಯ ಸ್ಥಾನವನ್ನೇ ಆಕ್ರಮಿಸಿಕೊಂಡುಬಿಟ್ಟಿದೆ. ಈ ಲೇಖನದಲ್ಲಿ ಕಥೆಯನ್ನೂ ಚರಿತ್ರೆಯನ್ನೂ ಬೇರೆಬೇರೆಯಾಗಿಟ್ಟು ನೋಡುವ ಪ್ರಯತ್ನವಿದೆ.

ಮೊದಲು ಸ್ಥಳದ ಸ್ವರೂಪವನ್ನು ತಿಳಿದುಕೊಳ್ಳಬೇಕು. ತಲಕಾಡಿನ ಮರಳುರಾಶಿಯನ್ನು ಬಳಸಿ, ಮುಡುಕುತೊರೆಯ ಮಲ್ಲಿಕಾರ್ಜುನನ ಬೆಟ್ಟದ ಬಳಿ ತಿರುವು ಪಡೆದು ಬರುವ ಕಾವೇರಿ ಇಲ್ಲಿ ಎರಡು ಕವಲಾಗುತ್ತದೆ. ನಡುವೆ ಉಳಿಯುವ ದ್ವೀಪ ಸುಮಾರು 3 ಮೈಲಿ ಉದ್ದ, ಮುಕ್ಕಾಲು ಮೈಲಿ ಅಗಲ. ಪಶ್ಚಿಮದ ಕವಲು ಗಗನಚುಕ್ಕಿಯಲ್ಲಿಯೂ ಪೂರ್ವದ ಕವಲು ಭರಚುಕ್ಕಿಯಲ್ಲಿಯೂ ಕೆಳಕ್ಕೆ ಧುಮುಕುತ್ತವೆ. ಇಂದಿನ ಲೆಕ್ಕದಲ್ಲಿ ಮೊದಲನೆಯದರ ಇಳಿತ ಸುಮಾರು 98 ಮೀಟರ್, ಎರಡನೆಯದರದು ಸುಮಾರು 69 ಮೀಟರ್. ಗಗನಚುಕ್ಕಿ ಬಂಡೆಯಿಂದ ಬಂಡೆಗೆ ಸಿಡಿದು ಹೊಗೆಯಂತೆ ಹನಿಯೆಬ್ಬಿಸುವ ರಭಸದ ಪ್ರವಾಹ. ಭರಚುಕ್ಕಿ ಅಗಲವಾದ ಬಂಡೆಗೋಡೆಯ ಮೇಲೆ ಅನೇಕ ಧಾರೆಗಳಾಗಿ ಇಳಿಯುವ ನೀರು. ಕೆಳಗೆ ಎರಡು ಕವಲುಗಳೂ ಕೂಡಿಕೊಂಡು ಆಳವಾದ ಕಣಿವೆಯನ್ನು ಹೊಕ್ಕು ಪೂರ್ವಕ್ಕೆ ಸಾಗುತ್ತವೆ. ಆಡಳಿತದ ದೃಷ್ಟಿಯಿಂದಲೂ ಈ ಸ್ಥಳ ಎರಡು ಪಾಲು: ಗಗನಚುಕ್ಕಿಯನ್ನು ಜನ ನೋಡುವ ಎಡದಂಡೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ್ದು, ಭರಚುಕ್ಕಿ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದುದರಿಂದ ಈ ನದಿ ಒಂದು ಕಾಲಕ್ಕೆ ಎರಡು ರಾಜ್ಯಗಳ ಗಡಿಯೂ ಆಗಿದ್ದಿತು.

ಸುತ್ತಲೂ ನೀರು, ನೀರಿನ ತಳದಲ್ಲಿ ಬಂಡೆ, ಒಂದು ಕಡೆ ಪ್ರಪಾತ. ಇಂತಹ ದ್ವೀಪವು ಕೋಟೆಗೆ ಎಷ್ಟು ಪ್ರಶಸ್ತವೆಂಬುದನ್ನು ಹೇಳಬೇಕಾಗಿಲ್ಲ. ಇದನ್ನು ಅರಿತು ಬಳಸಿಕೊಂಡವರು ಉಮ್ಮತ್ತೂರಿನ ಅರಸರು. ಉಮ್ಮತ್ತೂರು ಇಂದು ಚಾಮರಾಜನಗರ ತಾಲ್ಲೂಕಿನ ಒಂದು ಹಳ್ಳಿ. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮನೆತನ ವಿಜಯನಗರದ ಅಧೀನತೆಯಿಂದ ಮೆಲ್ಲಮೆಲ್ಲನೆ ಜಾರಿಕೊಂಡು ಸ್ವತಂತ್ರವಾಗುತ್ತ ಬಂದಿತು. ಇವರ ಶಾಸನಗಳಲ್ಲಿ ಕಂಡುಬರುವ ಬಿರುದುಗಳೇ ಆ ಮಹತ್ತ್ವಾಕಾಂಕ್ಷೆಗೆ ಸಾಕ್ಷಿ. ನೀಲಗಿರಿಯ ಒಡೆತನ ಹೇಳಿಕೊಂಡದ್ದು ಸಹಜವೇ ಸರಿ, ಅದು ನೆರೆಯ ಮಲೆ. ಆದರೆ ‘ಪೆನುಗೊಂಡ ಚಕ್ರೇಶ್ವರ’ ಎಂಬ ಬಿರುದು? ಪೆನುಗೊಂಡೆ ಇವರ ಸೀಮೆಯಿಂದ ಬಹುದೂರ, ವಿಜಯನಗರದ ಎರಡನೆಯ ರಾಜಧಾನಿಯೆನ್ನಬಹುದಾದ ದುರ್ಗ. ಅದರ ಹೆಸರನ್ನು ತನ್ನ ಬಿರುದಿನಲ್ಲಿ ಕೆತ್ತಿಸಿದ ಸಾಮಂತನು ಸಾಮಂತನಾಗಿ ಉಳಿಯಲೊಪ್ಪಿದವನಲ್ಲ. ಸಂಗಮ ವಂಶ ಕುಸಿದು ಸಾಳುವ ವಂಶ ಬಂದು, ಅದೂ ಅಳಿದು ತುಳುವರ ಕೈಗೆ ಸಿಂಹಾಸನ ಹೋದ ಆ ಗೊಂದಲದ ದಶಕಗಳು ಉಮ್ಮತ್ತೂರಿಗೆ ಅನುಕೂಲವಾದವು. ತುಳುವ ವೀರನರಸಿಂಹನು ಉಮ್ಮತ್ತೂರಿನ ಮೇಲೆ ಮುತ್ತಿಗೆ ಹಾಕಿ ವಿಫಲನಾದನು.

1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯನು ದಕ್ಷಿಣದಲ್ಲಿ ಮೊದಲು ಕೈಹಾಕಿದ ದೊಡ್ಡ ಕಾರ್ಯ ಈ ಗಂಗರಾಜನ ನಿಗ್ರಹವೇ. 1510ರಿಂದ 1512ರ ನಡುವಣ ಈ ದಂಡಯಾತ್ರೆಯಲ್ಲಿ ಉಮ್ಮತ್ತೂರು ಬಿದ್ದಿತು, ಶಿವನಸಮುದ್ರದ ಕೋಟೆಯೂ ಬಿದ್ದಿತು. ಗಂಗರಾಜನು ಕಾವೇರಿಯಲ್ಲಿ ಮುಳುಗಿ ಸತ್ತನೆಂದು ಹೇಳುತ್ತಾರೆ. ಕೃಷ್ಣರಾಯನ ಆಸ್ಥಾನದ ತೆಲುಗು ಕಾವ್ಯದಲ್ಲಿಯೂ ಈ ವಿಜಯದ ಪ್ರಸ್ತಾಪ ಬರುತ್ತದೆ. ಉದಯಗಿರಿ, ಕೊಂಡವೀಡು, ರಾಯಚೂರುಗಳ ಗೆಲವನ್ನು ವಿಸ್ತಾರವಾಗಿ ಬರೆಯುವ ನಮ್ಮ ಪಠ್ಯಪುಸ್ತಕಗಳು ಉಮ್ಮತ್ತೂರಿಗೆ ಒಂದು ಸಾಲನ್ನು ಕೊಟ್ಟು ಮುಂದೆ ಸಾಗುತ್ತವೆ. ಆದರೆ ಬೆನ್ನ ಹಿಂದಿನ ಈ ಶತ್ರುವನ್ನು ಅಡಗಿಸದೆ ಗಜಪತಿಯ ಮೇಲೆ ಹೋಗುವುದು ಆ ಚಕ್ರವರ್ತಿಗೆ ಸಾಧ್ಯವಿರಲಿಲ್ಲವೆಂಬುದನ್ನು ಘಟನೆಗಳ ಕ್ರಮವೇ ತೋರಿಸುತ್ತದೆ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು. 1535ರ ಸುಮಾರಿನಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ವರ್ತಕ ನೂನಿಜನು, ಸುತ್ತ ನೀರಿರುವ ಒಂದು ಪಟ್ಟಣವನ್ನು ಕೃಷ್ಣರಾಯನು ಗೆದ್ದ ಬಗೆಯನ್ನು ವರ್ಣಿಸಿದ್ದಾನೆ. ಅಲ್ಲಿನ ಒಡೆಯ 50 ವರ್ಷಗಳಿಂದ ದಂಗೆಯೆದ್ದಿದ್ದನಂತೆ. ರಾಯನು ಕಾಲುವೆಗಳನ್ನು ತೋಡಿಸಿ ನದಿಯ ನೀರನ್ನು ಹಂಚಿಹರಿಸಿ, ನದಿ ತೆಳುವಾದ ಮೇಲೆ ಸೈನ್ಯವನ್ನು ದಾಟಿಸಿದನಂತೆ. ಓದುವಾಗ ಶಿವನಸಮುದ್ರವೇ ಕಣ್ಣಮುಂದೆ ಬರುತ್ತದೆ. ಆದರೆ ನೂನಿಜನು ಆ ಊರನ್ನು ಹೇಳುವುದು ಚೋಳಮಂಡಲದ ಕಡೆಯದೆಂದು. ಕಾಲವೂ ಒಡ್ಡರ ಯುದ್ಧಗಳ ಅನಂತರದ್ದು. ಆದುದರಿಂದ ಆತುರಪಟ್ಟು ಎರಡನ್ನೂ ಒಂದೆನ್ನುವುದು ಯುಕ್ತವಲ್ಲ. ಕೋಟೆಗಿಂತ ನದಿಯನ್ನು ಗೆಲ್ಲುವುದೇ ಆ ಕಾಲದ ಯುದ್ಧದಲ್ಲಿ ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ ಮಾತ್ರ ಅದು ಒಳ್ಳೆಯ ನಿದರ್ಶನ.

ಇನ್ನು ಜನಜನಿತವಾದ ಕಥೆ. 1800ರಲ್ಲಿ ಈ ಪ್ರಾಂತ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ ಬರಹದಿಂದ ಮೊದಲ್ಗೊಂಡು ಹತ್ತೊಂಬತ್ತನೆಯ ಶತಮಾನದ ಗೆಜೆಟಿಯರುಗಳ ಮೂಲಕ ಇದು ಪ್ರಚಾರಕ್ಕೆ ಬಂದಿದೆ. ಕಥೆಯಲ್ಲಿ ಮೂವರು ಅರಸರು. ಮೊದಲನೆಯ ಗಂಗರಾಜ ಪಟ್ಟಣವನ್ನು ಕಟ್ಟಿದನು. ಅವನ ತರುವಾಯ ಬಂದ ನಂದಿರಾಜನು ಯಾವುದೋ ಆಚಾರಭಂಗದ ಪ್ರಾಯಶ್ಚಿತ್ತಕ್ಕಾಗಿ ಪತ್ನಿಯೊಡನೆ ಕುದುರೆಯೇರಿ ಗಗನಚುಕ್ಕಿಯ ಪ್ರಪಾತಕ್ಕೆ ಧುಮುಕಿದನು. ಅವನ ಮಗ ಎರಡನೆಯ ಗಂಗರಾಜನು ಪಟ್ಟಣವನ್ನು ವಿಸ್ತರಿಸಿ ವೈಭವದಿಂದ ಆಳಿದನು. ಇಬ್ಬರು ಹೆಣ್ಣುಮಕ್ಕಳನ್ನು ನೆರೆಯ ಇಬ್ಬರು ಪಾಳೆಯಗಾರರಿಗೆ ಕೊಟ್ಟನು. ತೌರಿನ ಐಶ್ವರ್ಯದ ಹೆಮ್ಮೆಯಲ್ಲಿ ಆ ಹೆಣ್ಣುಮಕ್ಕಳು ಗಂಡಂದಿರನ್ನು ಹೀನಾಯವಾಗಿ ಕಂಡರೆಂದೂ, ಅವಮಾನ ಸಹಿಸದೆ ಅಳಿಯಂದಿರು ಮಾವನ ಮೇಲೆ ದಂಡೆತ್ತಿ ಬಂದರೆಂದೂ ಕಥೆ ಹೇಳುತ್ತದೆ. ಮುತ್ತಿಗೆ 12 ವರ್ಷಕ್ಕೂ ಮೀರಿ ನಡೆದರೂ ದ್ವೀಪಕ್ಕೆ ಕಾಲಿಡುವುದು ಸಾಧ್ಯವಾಗಲಿಲ್ಲ. ಕಡೆಗೆ ದಳವಾಯಿಯೇ ಲಂಚಕ್ಕೆ ಒಲಿದು, ನದಿಯನ್ನು ದಾಟಬಹುದಾಗಿದ್ದ ಒಂದೇ ಒಂದು ಕಡವಿನ ಕಾವಲನ್ನು ತೆಗೆಸಿದನು. ಶತ್ರುಗಳ ಆರ್ಭಟ ಕೇಳಿ ಎದ್ದ ಅರಸನು ತನ್ನ ಅಂತಃಪುರದ ಸ್ತ್ರೀಯರನ್ನು ತಾನೇ ಕೊಂದು, ಕತ್ತಿ ಹಿಡಿದು ಹೊರನುಗ್ಗಿ ಹೋರಾಡುತ್ತ ಮಡಿದನು. ಇದನ್ನು ಕಂಡ ಅಳಿಯಂದಿರು ಪಶ್ಚಾತ್ತಾಪದಿಂದ ಗಗನಚುಕ್ಕಿಗೆ ಹಾರಿದರು. ಅವರ ಹೆಂಡಿರೂ ಹಾರಿದರು. ಆಮೇಲೆ ಚನ್ನಪಟ್ಟಣದ ಜಗದೇವರಾಯನೂ ತಲಕಾಡಿನ ಶ್ರೀರಂಗರಾಜನೂ ಬಂದು ಅಳಿದುಳಿದ ಜನವನ್ನೂ ಧನವನ್ನೂ ಸಾಗಿಸಿಕೊಂಡು ಹೋದರು.

ಕಾಲಗಣನೆಯ ದೃಷ್ಟಿಯಿಂದ ಈ ಕಥೆಯನ್ನು ಪರಿಶೀಲಿಸಿದರೆ ತೊಡಕು ಕೂಡಲೆ ಕಾಣುತ್ತದೆ. ಕೃಷ್ಣದೇವರಾಯನ ದಾಳಿ ಹದಿನಾರನೆಯ ಶತಮಾನದ ಆರಂಭದ್ದು. ಜಗದೇವರಾಯನಾದರೋ ತಾಳಿಕೋಟೆಯ ಯುದ್ಧ ಮುಗಿದು, ವಿಜಯನಗರದ ಅರಸರು ಪೆನುಗೊಂಡೆಗೆ ಸರಿದ ಮೇಲೆ ಪ್ರಸಿದ್ಧಿಗೆ ಬಂದವನು. ಇವೆರಡರ ನಡುವೆ ಅರ್ಧ ಶತಮಾನಕ್ಕೂ ಹೆಚ್ಚಿನ ಅಂತರವಿದೆ. ಚಕ್ರವರ್ತಿಯ ದಂಡಯಾತ್ರೆ ಕಥೆಯಲ್ಲಿ ಎಲ್ಲಿಯೂ ಇಲ್ಲ. ಅದರ ಸ್ಥಾನದಲ್ಲಿ ಅಳಿಯಂದಿರ ಜಗಳವಿದೆ. 1512ರ ತರುವಾಯ ಇದೇ ಮನೆತನದ ಶಾಖೆಯೊಂದು ಅಧೀನ ಸ್ಥಿತಿಯಲ್ಲಿ ದ್ವೀಪದಲ್ಲಿ ಮುಂದುವರಿದು, ಶತಮಾನದ ಕೊನೆಯ ಅರಾಜಕತೆಯಲ್ಲಿ ನೆರೆಹೊರೆಯವರ ಕೈಗೆ ಸಿಕ್ಕಿ ನಾಶವಾಯಿತೆಂದು ಊಹಿಸಿದರೆ ಎರಡಕ್ಕೂ ಹೊಂದಿಕೆಯಾದೀತು. ಅದಕ್ಕಿಂತಲೂ, ಎರಡು ಪತನಗಳನ್ನು ಜನರ ನೆನಪು ಒಂದೇ ಕಥೆಯಾಗಿ ಹೆಣೆದಿದೆಯೆಂಬುದೇ ನನಗೆ ಹೆಚ್ಚು ಸಂಭವನೀಯವಾಗಿ ತೋರುತ್ತದೆ.

ಇನ್ನೊಂದು ವಿಷಯವೂ ವಿಚಾರಾರ್ಹವಾಗಿದೆ. ಇಲ್ಲಿಂದ ನದಿಯ ಮೇಲುಭಾಗದಲ್ಲಿರುವ ತಲಕಾಡಿಗೆ ಹೋದರೆ ಅಲ್ಲಿಯೂ ಇಂಥದೇ ಕಥೆ: 1610ರಲ್ಲಿ ಶ್ರೀರಂಗಪಟ್ಟಣವು ಮೈಸೂರಿನ ರಾಜ ಒಡೆಯರ ಕೈಸೇರಿದಾಗ ಅಲಮೇಲಮ್ಮನು ಶಾಪವಿತ್ತು ಮಾಲಂಗಿಯ ಮಡುವಿಗೆ ಧುಮುಕಿದಳೆಂಬುದು. ಒಂದೇ ನದಿಯ ದಂಡೆಯಲ್ಲಿ ಅಳಿದ ಎರಡು ಅರಸುಮನೆಗಳು, ಎರಡರ ಕೊನೆಯೂ ನೀರಿಗೆ ಹಾರುವುದರಲ್ಲಿ. ರಾಜ್ಯವೊಂದು ಸೇನೆಯ ಕೊರತೆಯಿಂದಲೋ ಮಿತ್ರರ ದ್ರೋಹದಿಂದಲೋ ಅಳಿಯಿತೆಂಬುದಕ್ಕಿಂತ, ಹೆಣ್ಣಿನ ಶಾಪದಿಂದ ಅಥವಾ ಹೆಣ್ಣಿನ ಗರ್ವದಿಂದ ಅಳಿಯಿತೆಂಬುದು ಕೇಳುವವರಿಗೆ ರುಚಿಸುತ್ತದೆ. ಶಿವನಸಮುದ್ರದ ಕಥೆಯಲ್ಲಿಯೇ ಕಡವನ್ನು ಮಾರಿಕೊಂಡವನು ದಳವಾಯಿ; ಆದರೆ ದೋಷವೆಲ್ಲ ಆ ಇಬ್ಬರು ಹೆಣ್ಣುಮಕ್ಕಳ ತಲೆಗೆ! ಹೆಣ್ಣು ಗಂಡೆಂಬ ಭೇದವನ್ನು ಆತ್ಮಕ್ಕೆ ಆರೋಪಿಸಬಾರದೆಂದು ಸಾರಿದ ಶರಣರ ಪರಂಪರೆಯವರಾದ ನಾವಾದರೂ ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಸ್ವಲ್ಪ ನಿಂತು ಹೇಳಬೇಕು.

ದ್ವೀಪದಲ್ಲಿ ಈಗ ಉಳಿದಿರುವುದೇನು? ಮುಖ್ಯವಾಗಿ ದೇವಾಲಯಗಳು. ರಂಗನಾಥನ ಗುಡಿ ಪ್ರಸಿದ್ಧವಾದುದು. ಶ್ರೀರಂಗಪಟ್ಟಣದ್ದು ಆದಿರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ, ಇಲ್ಲಿಯದು ಮಧ್ಯರಂಗವೆಂದು ವೈಷ್ಣವರು ಕಾವೇರಿಯ ಮೂರು ದ್ವೀಪಗಳನ್ನು ಒಂದು ಯಾತ್ರೆಯಲ್ಲಿ ಸೇರಿಸಿದ್ದಾರೆ. ಅದೇ ದ್ವೀಪದಲ್ಲಿ ಸೋಮೇಶ್ವರನ ದೊಡ್ಡ ಗುಡಿಯಿದೆ, ಮೀನಾಕ್ಷಿಯ ಸನ್ನಿಧಿಯಿದೆ. ಗಗನಚುಕ್ಕಿಯ ನೆತ್ತಿಯ ಬಳಿ ಮರ್ದಾನೆ ಗೈಬ್ ಎಂಬ ಸೂಫಿ ಸಂತನ ದರ್ಗಾ ಇದೆ. ಸ್ಥಳದ ಹೆಸರು ಶಿವನದು, ಹೆಚ್ಚಿನ ಯಾತ್ರಿಕರು ರಂಗನಾಥನವರು, ಜಲಪಾತದ ಕಾವಲು ಫಕೀರನದು. ಶಿವನ ಹೆಸರಿದೆಯೆಂಬ ಒಂದೇ ಕಾರಣದಿಂದ ಇಡೀ ಪಟ್ಟಣವನ್ನು ನಮ್ಮ ಸಮಯಕ್ಕೆ ಸೇರಿಸಿಕೊಳ್ಳುವ ಉತ್ಸಾಹ ಕೆಲವರಲ್ಲಿ ಕಾಣುತ್ತದೆ. ಅಂತಹ ಉತ್ಸಾಹಕ್ಕೆ ಶಾಸನದ ಒಪ್ಪಿಗೆ ಬೇಕು. ಇಲ್ಲದಿದ್ದರೆ ಅದು ಅಳಿಯಂದಿರ ಕಥೆಗಿಂತ ಉತ್ತಮವಾದುದೇನಲ್ಲ.

ಹಾಗೆ ಹಿಗ್ಗಬೇಕಾದ ಅಗತ್ಯವೂ ನಮಗಿಲ್ಲ. ಏಕೆಂದರೆ ದ್ವೀಪದ ಎರಡು ದಂಡೆಗಳೂ ವೀರಶೈವ ವಾಙ್ಮಯದ ತವರು. ಬಲದಂಡೆಯ ಕೊಳ್ಳೇಗಾಲ ಸೀಮೆಯ ಚಿಲಕವಾಡಿಯ ಶಂಭುಲಿಂಗನ ಬೆಟ್ಟ ನಿಜಗುಣ ಶಿವಯೋಗಿಗಳ ತಪೋಭೂಮಿಯೆಂದು ಪರಂಪರೆ ಹೇಳುತ್ತದೆ. ಅವರ ಅಂಕಿತವಾದ ‘ಶಂಭುಲಿಂಗ’ವೇ ಇದನ್ನು ಸಮರ್ಥಿಸುತ್ತದೆ. ಕೈವಲ್ಯಪದ್ಧತಿಯ ಹಾಡುಗಳನ್ನು ಅರಿಯದ ಕನ್ನಡ ಸಂಗೀತಗಾರನಿಲ್ಲ. ವಿವೇಕಚಿಂತಾಮಣಿಯಾದರೋ ಅಂದಿನ ಶಾಸ್ತ್ರಜ್ಞಾನವೆಲ್ಲವನ್ನೂ ಕನ್ನಡ ಗದ್ಯದಲ್ಲಿ ಕ್ರೋಡೀಕರಿಸಿದ ಕೋಶ. ಮರಾಠಿಗೂ ಸಂಸ್ಕೃತಕ್ಕೂ ಹೋದ ಕೃತಿ. ಅವರು ಪೂರ್ವಾಶ್ರಮದಲ್ಲಿ ಈ ಸೀಮೆಯ ಒಬ್ಬ ದೊರೆಯಾಗಿದ್ದು, ಅದನ್ನು ತೊರೆದು ಬೆಟ್ಟವನ್ನು ಹತ್ತಿದರೆಂಬ ಪ್ರತೀತಿಯಿದೆ. ವಿದ್ವಾಂಸರು ಅವರಿಗೆ ಕೊಡುವ ಕಾಲ ಸುಮಾರು 1500. ಅಂದರೆ, ಉಮ್ಮತ್ತೂರಿನವರು ಪೆನುಗೊಂಡೆಯ ಕನಸು ಕಾಣುತ್ತಿದ್ದ ಅದೇ ದಶಕಗಳು! ಕಾಲವೊಂದೇ ಎಂಬುದರಿಂದ ಇಬ್ಬರಿಗೂ ನಂಟನ್ನು ಕಲ್ಪಿಸಲಾಗದು. ಆದರೂ ಒಂದೇ ಸೀಮೆಯಲ್ಲಿ, ಒಂದೇ ತಲೆಮಾರಿನ ಆಸುಪಾಸಿನಲ್ಲಿ, ಒಬ್ಬನು ದ್ವೀಪದಲ್ಲಿ ಕೋಟೆಯನ್ನು ಭದ್ರಗೊಳಿಸುತ್ತಿದ್ದಾಗ ಇನ್ನೊಬ್ಬರು ಅರಸುತನವನ್ನು ಬಿಟ್ಟು ಗುಹೆಯಲ್ಲಿ ಕುಳಿತು ಗ್ರಂಥ ರಚಿಸುತ್ತಿದ್ದರೆಂಬುದನ್ನು ನೆನೆದರೆ ಆ ಕಾಲದ ಚಿತ್ರ ಹೆಚ್ಚು ಪೂರ್ಣವಾಗುತ್ತದೆ. ಕೋಟೆಯ ಕಲ್ಲು ಚೆದುರಿತು, ಹಾಡು ಇಂದಿಗೂ ಮಠಗಳ ಭಜನೆಯಲ್ಲಿ ಕೇಳಿಬರುತ್ತದೆ.

ಸುಬೋಧಸಾರದ ಕರ್ತೃ ಮುಪ್ಪಿನ ಷಡಕ್ಷರಿಯೂ ಕೊಳ್ಳೇಗಾಲದ ಈ ಸೀಮೆಗೇ ಸೇರಿದವನು. ಎಡದಂಡೆಗೆ ಬಂದರೆ ಮಳವಳ್ಳಿ ತಾಲ್ಲೂಕಿನಲ್ಲಿ ಧನಗೂರು. 1655ರಲ್ಲಿ ರಾಜಶೇಖರ ವಿಳಾಸವನ್ನೂ ಮುಂದೆ ವೃಷಭೇಂದ್ರ ವಿಜಯವನ್ನೂ ರಚಿಸಿದ ಷಡಕ್ಷರದೇವನು ಆ ಧನಗೂರು ಮಠದ ಸ್ವಾಮಿ. ಹಳಗನ್ನಡದ ಚಂಪೂಮಾರ್ಗ ಬತ್ತಿಹೋಯಿತೆಂದು ತಿಳಿಯಲಾಗಿದ್ದ ಕಾಲದಲ್ಲಿ ಅದನ್ನು ಪುನಃ ತುಂಬಿ ಹರಿಯಿಸಿದವನು ಆತ. ಜಲಪಾತದ ಸದ್ದು ಕೇಳುವ ಸೀಮೆಯಲ್ಲಿ ಇಂತಹ ಮೂವರು ಕವಿಗಳಿದ್ದರೆಂಬುದು ಪ್ರವಾಸಿಗರ ಕೈಪಿಡಿಗಳಲ್ಲಿ ಕಾಣದ ಸಂಗತಿ. ಇವರೊಡನೆ ಜನಪದದ ಇನ್ನೊಂದು ಧಾರೆಯನ್ನೂ ಮರೆಯಲಾಗದು: ಸುತ್ತೂರು, ಕುಂತೂರು ಮಠಗಳ ಹೆಸರು ಬರುವ ಮಲೆಯ ಮಾದೇಶ್ವರನ ಕಾವ್ಯ, ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಕಥೆಯಿರುವ ಮಂಟೇಸ್ವಾಮಿಯ ಕಾವ್ಯ. ಇವು ಇಂದಿಗೂ ಕಂಸಾಳೆಯವರ, ನೀಲಗಾರರ ಬಾಯಲ್ಲಿ ಜೀವಂತವಾಗಿವೆ. ಮಳವಳ್ಳಿಯ ಕಡೆಯಿಂದ ಮಾದೇಶ್ವರನ ಮಲೆಗೆ ಹೋಗುವ ಭಕ್ತರು ಕಾವೇರಿಯನ್ನು ದಾಟುವುದು ಸತ್ಯಗಾಲದ ಬಳಿಯೇ.

ದಾಟುವ ಮಾತು ಬಂದುದರಿಂದ ಸೇತುವೆಗಳನ್ನು ಕುರಿತು ಹೇಳಬೇಕು. ಅರಸರ ಕಾಲದ ಸೇತುವೆಗಳು ಹಾಳಾಗಿ ದ್ವೀಪವು ಕಾಡು ಬೆಳೆದು ನಿರ್ಜನವಾಗಿತ್ತು. ಮೈಸೂರಿನ ಬ್ರಿಟಿಷ್ ರೆಸಿಡೆನ್ಸಿಯ ಸೇವೆಯಲ್ಲಿದ್ದ ರಾಮಸ್ವಾಮಿ ಮೊದಲಿಯಾರರೆಂಬವರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಎರಡು ಕವಲುಗಳಿಗೂ ಸೇತುವೆ ಕಟ್ಟಿಸಿ, ಗುಡಿಗಳನ್ನು ಜೀರ್ಣೋದ್ಧಾರ ಮಾಡಿಸಿ, ಪ್ರಯಾಣಿಕರಿಗೆ ತಂಗುದಾಣವನ್ನೂ ಏರ್ಪಡಿಸಿದರು. ವೆಲ್ಲೆಸ್ಲಿ, ಲಷಿಂಗ್ಟನ್ ಎಂದು ಆಂಗ್ಲ ಅಧಿಕಾರಿಗಳ ಹೆಸರನ್ನು ಇವಕ್ಕೆ ಇಟ್ಟರೂ ಕಟ್ಟಡದ ಕ್ರಮ ಪೂರ್ಣವಾಗಿ ದೇಶೀಯವಾದುದು: ನದಿಯ ಬಂಡೆಯಲ್ಲಿಯೇ ನಾಟಿದ ಕಲ್ಲುಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ಕಮಾನಿಲ್ಲ. ನಮ್ಮ ದೇವಾಲಯದ ಮಂಟಪವನ್ನು ಹೊಳೆಯೊಳಗೆ ಸಾಲಾಗಿ ನಿಲ್ಲಿಸಿದಂತೆ ತೋರುತ್ತದೆ. ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ಜಹಗೀರಿ ಗ್ರಾಮಗಳೂ ಮೊದಲಿಯಾರರಿಗೆ ದೊರೆತವು. ಗಂಗರಾಜನ ಪಟ್ಟಣ ಅಳಿದದ್ದು ಒಂದು ಕಡವಿನ ಕಾವಲು ತಪ್ಪಿದುದರಿಂದ ಎಂಬ ಕಥೆಯನ್ನು ನಂಬುವುದಾದರೆ, ಅದಕ್ಕೆ ಮತ್ತೆ ಜೀವ ಬಂದದ್ದು ಕಡವು ತೆರೆದುದರಿಂದಲೇ.

ಅನಂತರದ ಅಧ್ಯಾಯ ವಿದ್ಯುತ್ತಿನದು, ಬಹುಮಟ್ಟಿಗೆ ಪರಿಚಿತವಾದುದು. ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಒದಗಿಸಲೆಂದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಕೆನಡಾ ಮೂಲದ ಸೇನಾ ಇಂಜಿನಿಯರ್ ಜೋಲಿ ದ ಲಾಟ್ಬಿನಿಯೇರ್ ಅವರು ಯೋಜನೆಯನ್ನು ರೂಪಿಸಿದರು. ಜಲಪಾತದ ಮೇಲ್ಗಡೆ ನೀರನ್ನು ಕಾಲುವೆಗೆ ತಿರುಗಿಸಿ, ಕಣಿವೆಯ ಅಂಚಿನಿಂದ ಸುಮಾರು 400 ಅಡಿ ಕೆಳಕ್ಕೆ ಉಕ್ಕಿನ ಕೊಳವೆಗಳಲ್ಲಿ ಬಿಟ್ಟು ಯಂತ್ರಗಳನ್ನು ತಿರುಗಿಸುವುದು ಇದರ ಕ್ರಮ. 1902ರ ಜೂನ್ 30ರಂದು 92 ಮೈಲಿ ದೂರದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಂದಿನ ಜಗತ್ತಿನ ಅತಿ ದೀರ್ಘ ಮಾರ್ಗಗಳಲ್ಲಿ ಅದೂ ಒಂದು. ಆ ದಿನವನ್ನು ಕಾಣಲು ಶೇಷಾದ್ರಿ ಅಯ್ಯರ್ ಇರಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಏಷ್ಯಾದಲ್ಲಿಯೇ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರವಿದೆಂದು ಅನೇಕರು ಬರೆಯುವುದುಂಟು. ಅದು ಸರಿಯಲ್ಲ; 1897ರಲ್ಲಿಯೇ ಡಾರ್ಜಿಲಿಂಗ್ ಬಳಿ ಸಣ್ಣ ಕೇಂದ್ರವೊಂದು ಕೆಲಸ ಮಾಡುತ್ತಿತ್ತು. ಅಷ್ಟು ದೂರಕ್ಕೆ, ಅಷ್ಟು ದೊಡ್ಡ ಕೈಗಾರಿಕೆಗೆ ಶಕ್ತಿಯನ್ನು ಸಾಗಿಸಿದ ಕೀರ್ತಿಯೇ ಶಿವನಸಮುದ್ರಕ್ಕೆ ಸಾಲದೇ? ಬೇಸಗೆಯಲ್ಲಿ ಯಂತ್ರಕ್ಕೆ ನೀರು ಸಾಲದೆ ಬಂದುದೂ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಒಂದು ಮುಖ್ಯ ಕಾರಣ. ಹೀಗೆ ಕೆಳಗಿನ ಜಲಪಾತವೇ ಮೇಲಿನ ಜಲಾಶಯವನ್ನು ಹುಟ್ಟಿಸಿತೆನ್ನಬಹುದು. ಅದರ ಪರಿಣಾಮವಾಗಿ ಗಗನಚುಕ್ಕಿ ಇಂದು ಋತುವಿನ ಜಲಪಾತ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಅದು ಪೂರ್ವರೂಪವನ್ನು ತಳೆಯುತ್ತದೆ, ಬೇಸಗೆಯಲ್ಲಿ ಕಪ್ಪು ಬಂಡೆಗಳೇ ಎದ್ದು ಕಾಣುತ್ತವೆ.

ಕೂಡಿದ ನದಿಯು ಮುಂದೆ ಶಿಂಷೆಯನ್ನು ಸೇರಿಸಿಕೊಂಡು, ಮುತ್ತತ್ತಿಯ ಆಂಜನೇಯನ ಗುಡಿಯನ್ನು ಹಾದು, ಅರ್ಕಾವತಿಯ ಸಂಗಮವನ್ನು ದಾಟಿ ಮೇಕೆದಾಟಿನ ಬಂಡೆಯಿಕ್ಕಟ್ಟನ್ನು ಹೊಗುತ್ತದೆ. ಕೊನೆಗೆ ಹೊಗೇನಕಲ್ಲಿನಲ್ಲಿ ಮತ್ತೊಮ್ಮೆ ಧುಮುಕಿ ತಮಿಳುನಾಡಿನ ಬಯಲಿಗಿಳಿಯುತ್ತದೆ. 1987ರಿಂದ ಈ ಕಣಿವೆಯ ಬಹುಭಾಗ ಕಾವೇರಿ ವನ್ಯಧಾಮ. ಅರಸರ ಕಥೆ ಈ ಕಣಿವೆಯೊಳಕ್ಕೆ ಹೋಗುವುದಿಲ್ಲ. ಅಲ್ಲಿ ಮೀನು, ಮೊಸಳೆ, ಆನೆಗಳದೇ ರಾಜ್ಯ.

ದ್ವೀಪಕ್ಕೆ ಹೋಗುವವರು ಎರಡು ಜಲಪಾತಗಳ ನಡುವೆ ಒಂದು ಗಂಟೆಯನ್ನು ಉಳಿಸಿಕೊಂಡು ಸೋಮೇಶ್ವರನ ಗುಡಿಯ ಕಲ್ಲುಗಳನ್ನೂ, ಹಳೆಯ ಸೇತುವೆಯ ಕಂಬಗಳನ್ನೂ ನೋಡಿ ಬರಬೇಕು. ಬೇಗ ನೋಡಬೇಕೆಂಬ ಮಾತಿಗೆ ಕಾರಣವಿದೆ. ಸುಮಾರು ಎರಡು ಶತಮಾನಗಳ ನೆರೆಯನ್ನು ತಾಳಿ ನಿಂತಿದ್ದ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ 2018ರ ಮಹಾಪೂರದಲ್ಲಿ ಕೊಚ್ಚಿಹೋಯಿತು. ಬಂಡೆಯಲ್ಲಿ ನಾಟಿದ್ದ ಕಂಬಗಳು ಅಂದು ತೊಲೆಗಳೊಡನೆ ಕಾವೇರಿಯ ಪಾಲಾದವು.